ವೆಬ್‌ಸೈಟಿಗೆ ಸ್ವಂತ ಮನೆಯೋ, ಬಾಡಿಗೆ ಮನೆಯೋ?

1990ರ ಕೊನೆಯ ದಿನಗಳಲ್ಲಿ ಜಿನೀವಾ ನಗರದ ಹೊರವಲಯದ ಸರ್ನ್ ಎಂಬ ಭೌತವಿಜ್ಞಾನ ಕೇಂದ್ರದ ಒಂದು ಕೋಣೆಯಲ್ಲಿ ಕಪ್ಪು ಬಣ್ಣದ ನೆಕ್ಸ್ಟ್ ಕಂಪ್ಯೂಟರೊಂದು ಸದಾ ಚಾಲನೆಯಲ್ಲಿರುತ್ತಿತ್ತು. ಅದರ ಮೈಗೆ ಅಂಟಿಸಿದ್ದ ಚೀಟಿಯಲ್ಲಿ ಕೆಂಪು ಶಾಯಿಯ ಕೈಬರಹದ ಎಚ್ಚರಿಕೆ: ಈ ಯಂತ್ರ ಸರ್ವರ್, ಇದನ್ನು ಆರಿಸಬೇಡಿ. ಯಾರಾದರೂ ಸಂಜೆ ಮನೆಗೆ ಹೊರಡುವಾಗ ಅಭ್ಯಾಸಬಲದಿಂದ ಸ್ವಿಚ್ ಒತ್ತಿಬಿಟ್ಟಿದ್ದರೆ ಜಗತ್ತಿನ ಇಡೀ ವರ್ಲ್ಡ್ ವೈಡ್ ವೆಬ್ ನಿಂತುಹೋಗುತ್ತಿತ್ತು. ಏಕೆಂದರೆ ಆಗ ವೆಬ್ ಎಂದರೆ ಅದೊಂದೇ ಯಂತ್ರ.

ಅದನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರ ಕಲ್ಪನೆಯಲ್ಲಿ ಓದುವವನು ಬೇರೆ, ಬರೆಯುವವನು ಬೇರೆ ಎಂಬ ಭೇದವಿರಲಿಲ್ಲ. ಅವರ ಮೊದಲ ಬ್ರೌಸರಿನಲ್ಲಿ ಪುಟ ನೋಡಲೂ ಬರುತ್ತಿತ್ತು, ತಿದ್ದಲೂ ಬರುತ್ತಿತ್ತು. ಸರ್ವರ್ ಎಂಬ ಪದಕ್ಕೂ ಗಾಬರಿಯಾಗಬೇಕಿಲ್ಲ. ಕೇಳಿದವರಿಗೆ ಕೇಳಿದ ಪುಟ ತೆಗೆದುಕೊಡಲು ಹಗಲೂ ರಾತ್ರಿ ಬಾಗಿಲು ತೆರೆದು ಕುಳಿತ ಕಂಪ್ಯೂಟರ್, ಅಷ್ಟೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂದು ಸಾರಿತು. 1995ರಲ್ಲಿ ಅಪಾಚೆ ಎಂಬ ಸರ್ವರ್ ತಂತ್ರಾಂಶವನ್ನು ಹಲವು ಊರುಗಳ ಆಸಕ್ತರು ಸೇರಿ ತೇಪೆ ಹಚ್ಚುತ್ತಲೇ ಕಟ್ಟಿ, ಅದನ್ನೂ ಪುಕ್ಕಟೆಯಾಗಿ ಹಂಚಿದರು. ಹೀಗಿರುವಾಗ ಪ್ರತಿಯೊಬ್ಬರೂ ತಂತಮ್ಮ ಮನೆಯ ಮೂಲೆಯಲ್ಲೇ ವೆಬ್‌ಸೈಟ್ ಇಟ್ಟುಕೊಳ್ಳಬಹುದಿತ್ತಲ್ಲ, ಬಾಡಿಗೆ ಕೊಟ್ಟು ಇನ್ನೊಬ್ಬರ ಯಂತ್ರದಲ್ಲಿ ಜಾಗ ಹಿಡಿಯುವ ಪದ್ಧತಿ ಏಕೆ ಬಂತು?

ಉತ್ತರದ ಒಂದು ಭಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ ಎಂಬ ಸಂಶೋಧನ ವಿದ್ಯಾರ್ಥಿಗಳು ತಮಗೆ ಇಷ್ಟವಾದ ವೆಬ್‌ಸೈಟುಗಳ ಪಟ್ಟಿಯೊಂದನ್ನು ತಯಾರಿಸಿದರು. ಅದನ್ನು ಇಟ್ಟದ್ದು ತಮ್ಮ ಓದಿಗೆ ಸಿಕ್ಕಿದ್ದ ಎರಡು ಕಂಪ್ಯೂಟರುಗಳಲ್ಲಿ. ಆ ಯಂತ್ರಗಳಿಗೆ ಅಕೆಬೊನೊ, ಕೊನಿಶಿಕಿ ಎಂದು ಸುಮೋ ಜಟ್ಟಿಗಳ ಹೆಸರಿತ್ತು. ಹೆಸರು ಜಟ್ಟಿಗಳದ್ದಾದರೇನು, ಬಂದ ಜನಸಂದಣಿಯನ್ನು ತಾಳಿಕೊಳ್ಳಲು ಆಗಲಿಲ್ಲ. ವಿಶ್ವವಿದ್ಯಾಲಯದ ಜಾಲದ ಮೇಲೂ ಹೊರೆ ಬಿತ್ತು. 1995ರ ಆರಂಭದಲ್ಲಿ ಆ ಪಟ್ಟಿ ನೆಟ್‌ಸ್ಕೇಪ್ ಕಂಪನಿಯ ಯಂತ್ರಗಳಿಗೆ ಬಿಡಾರ ಬದಲಿಸಿತು. ಅದೇ ಯಾಹೂ. ಮನೆಯ ಜಗುಲಿಯಲ್ಲಿ ನಾಲ್ಕು ಜನರಿಗೆ ಉಪಚಾರ ಮಾಡಬಹುದು, ಊರಿಗೆ ಊರೇ ಬಂದರೆ ಛತ್ರ ಬೇಕು.

ಆದರೆ ಎಲ್ಲರ ಮನೆಗೂ ಊರೇನೂ ಬರುವುದಿಲ್ಲ. ಸಾಮಾನ್ಯನ ತೊಂದರೆ ಬೇರೆ. ಸರ್ವರಿಗೆ ನಿಲ್ಲದ ವಿದ್ಯುತ್ ಬೇಕು, ಕಡಿಯದ ಸಂಪರ್ಕ ಬೇಕು, ಬದಲಾಗದ ವಿಳಾಸ ಬೇಕು. ಭಾರತದಲ್ಲಿ ವಿದೇಶ ಸಂಚಾರ ನಿಗಮ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅಂದಿನ ಮೋಡೆಮ್ ದೂರವಾಣಿ ತಂತಿಯ ಮೇಲೆ ಕಿರುಗುಟ್ಟಿ ಸಂಪರ್ಕ ಸಾಧಿಸುತ್ತಿತ್ತು. ನಿಮಿಷ ಕಳೆದಂತೆ ಫೋನ್ ಬಿಲ್ಲು ಏರುತ್ತಿತ್ತು. ಫೋನ್ ಇಟ್ಟರೆ ಸಂಪರ್ಕವೂ ಹೋಯಿತು, ಅದರೊಂದಿಗೆ ಆ ಹೊತ್ತಿಗಷ್ಟೇ ಸಿಕ್ಕಿದ್ದ ವಿಳಾಸವೂ ಹೋಯಿತು. ಇಂಥ ಮನೆಯಲ್ಲಿ ಸರ್ವರ್ ಇಡುವುದೆಂದರೆ ದಿನಕ್ಕೊಂದು ಬೀದಿಯಲ್ಲಿ ಅಂಗಡಿ ಹಾಕಿ ಗಿರಾಕಿಗಾಗಿ ಕಾದಂತೆ.

ಮುಂದೆ ಬ್ರಾಡ್‌ಬ್ಯಾಂಡ್ ಬಂದಾಗ ಪರಿಸ್ಥಿತಿ ಸುಧಾರಿಸಬೇಕಿತ್ತು. ಸುಧಾರಿಸಿದ್ದು ಅರ್ಧ ಮಾತ್ರ. ದೂರವಾಣಿ ತಂತಿಯ ಮೇಲೆ ಬಂದ ಈ ಸೇವೆಯ ಎಡಿಎಸ್ಎಲ್ ಎಂಬ ಹೆಸರಿನ ಮೊದಲ ಅಕ್ಷರಕ್ಕೆ 'ಅಸಮ' ಎಂದೇ ಅರ್ಥ: ಮನೆಗೆ ಬರುವ ದಾರಿ ಅಗಲ, ಮನೆಯಿಂದ ಹೊರಡುವ ದಾರಿ ಕಿರಿದು. ಮನೆಯವರು ತರಿಸಿಕೊಳ್ಳುವವರೇ ಹೊರತು ಕಳಿಸುವವರಲ್ಲ ಎಂಬ ಊಹೆ ತಂತ್ರಜ್ಞಾನದೊಳಗೇ ಸೇರಿಹೋಯಿತು. ನಮ್ಮ ಕೇಂದ್ರ ಸರಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿ ಕೂಡ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗ ಇರಬೇಕೆಂದದ್ದು ಇಳಿಸಿಕೊಳ್ಳುವುದಕ್ಕೆ, ಏರಿಸುವುದಕ್ಕಲ್ಲ. ಯಾರೂ ದುರುದ್ದೇಶದಿಂದ ಮಾಡಿದ್ದೆಂದು ಹೇಳಲಾಗದು. ಆದರೂ ಸರ್ನ್‌ನಲ್ಲಿ ಸಮಾನವಾಗಿದ್ದ ಓದುಗ ಮತ್ತು ಬರಹಗಾರ ಇಲ್ಲಿ ಬೇರೆ ಬೇರೆಯಾದರು ಎಂಬುದು ಮಾತ್ರ ನಿಜ.

ಇತ್ತ ಬಾಡಿಗೆಯ ಕಡೆ ಏನಾಯಿತೆಂಬುದು ಇನ್ನೂ ಸ್ವಾರಸ್ಯಕರ. ಬೆಂಗಳೂರು, ಮೈಸೂರುಗಳ ಹಳೆಯ ವಠಾರಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವಠಾರಕ್ಕೆ ಬೀದಿಯಲ್ಲಿ ಒಂದೇ ನಂಬರು, ಒಳಗೆ ಹತ್ತು ಸಂಸಾರ. ಲಕೋಟೆಯ ಮೇಲೆ ಬರೀ ನಂಬರ್ ಇದ್ದರೆ ಅಂಚೆಯವನು ಕಾಗದವನ್ನು ಯಾರ ಕೈಗೆ ಕೊಡಬೇಕು? ಮೊದಮೊದಲ ವೆಬ್ಬಿನಲ್ಲಿ ಇದೇ ತೊಡಕಿತ್ತು. ಓದುಗನ ಬ್ರೌಸರ್ ಸರ್ವರಿಗೆ ಕಳಿಸುವ ಕೋರಿಕೆಯಲ್ಲಿ ಯಾವ ಪುಟ ಬೇಕೆಂದು ಇರುತ್ತಿತ್ತು, ಯಾರ ವೆಬ್‌ಸೈಟಿನ ಪುಟವೆಂದು ಇರುತ್ತಿರಲಿಲ್ಲ. ಆದ್ದರಿಂದ ಪ್ರತಿ ವೆಬ್‌ಸೈಟಿಗೂ ಪ್ರತ್ಯೇಕ ಅಂಕಿ-ವಿಳಾಸ ಕೊಡಬೇಕಾಗಿತ್ತು. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ ಕೋರಿಕೆಯಲ್ಲಿ ವೆಬ್‌ಸೈಟಿನ ಹೆಸರನ್ನೂ ಬರೆಯುವುದನ್ನು ಕಡ್ಡಾಯ ಮಾಡಿತು. ಲಕೋಟೆಯ ಮೇಲೆ ಮನೆಯವರ ಹೆಸರು ಬಂತು! ಒಂದೇ ಯಂತ್ರದಲ್ಲಿ, ಒಂದೇ ಅಂಕಿಯ ಹಿಂದೆ, ನೂರಾರು ವೆಬ್‌ಸೈಟುಗಳನ್ನು ತುಂಬುವುದು ಸಲೀಸಾಯಿತು. ಹೋಸ್ಟಿಂಗ್ ಕಂಪನಿಗಳ ಬಾಡಿಗೆ ಇಳಿಯಲು ಈ ಒಂದು ಸಾಲಿನ ಕಾಣಿಕೆ ದೊಡ್ಡದು. ವಠಾರದ ಕಷ್ಟಗಳೂ ಜೊತೆಗೇ ಬಂದವು: ಪಕ್ಕದವರ ಮನೆಗೆ ನೆಂಟರು ಹೆಚ್ಚಾದರೆ ನಮ್ಮ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ.

ಬಾಡಿಗೆಯೂ ಬೇಡ, ಪುಕ್ಕಟೆ ಜಾಗ ಕೊಡುತ್ತೇವೆ ಎಂದವರೂ ಇದ್ದರು. 1994ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾಗಿ ಮುಂದೆ ಜಿಯೋಸಿಟೀಸ್ ಎಂದು ಹೆಸರಾದ ಸಂಸ್ಥೆ ತನ್ನ ಯಂತ್ರಗಳನ್ನು ಬಡಾವಣೆಗಳಾಗಿ ವಿಂಗಡಿಸಿತ್ತು. ಸಿನಿಮಾ ಪ್ರಿಯರಿಗೆ ಹಾಲಿವುಡ್, ಸಂಗೀತದವರಿಗೆ ಸನ್‌ಸೆಟ್ ಸ್ಟ್ರಿಪ್, ಹೀಗೆ. ಬಂದವರು ಒಂದು ಮನೆ ನಂಬರು ಆರಿಸಿಕೊಂಡು ನೆಲೆಸಬೇಕು. ಬಣ್ಣಬಣ್ಣದ ಮಿನುಗುವ ಅಕ್ಷರ, ತಿರುಗುವ ಚಿತ್ರ, ಸಾಕಿದ ಬೆಕ್ಕಿನ ಫೋಟೊ, ಸತ್ತ ಬಂಧುಗಳ ನೆನಪು, ಅಡುಗೆಯ ಪಟ್ಟಿ, ಎಲ್ಲವೂ ಅಲ್ಲಿದ್ದವು. ಪಂಡಿತರು ಮೂಗು ಮುರಿದರೂ ಲಕ್ಷಾಂತರ ಜನ ಜೀವನದಲ್ಲಿ ಮೊದಲ ಬಾರಿ ಲೋಕಕ್ಕೆ ಏನನ್ನಾದರೂ ಪ್ರಕಟಿಸಿದ್ದು ಇಂಥ ಕಡೆಯೇ. 1999ರ ಜನವರಿಯಲ್ಲಿ ಯಾಹೂ 350 ಕೋಟಿ ಡಾಲರಿಗೂ ಮಿಕ್ಕಿದ ಮೌಲ್ಯದ ಷೇರುಗಳನ್ನು ಕೊಟ್ಟು ಇದನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅದೇ ಬೇಸಿಗೆಯಲ್ಲಿ, ಇಲ್ಲಿ ಇಟ್ಟ ಬರಹ-ಚಿತ್ರಗಳ ಮೇಲೆ ತನಗೂ ಹಕ್ಕಿದೆ ಎಂಬಂಥ ಷರತ್ತು ಹಾಕಿ, ನಿವಾಸಿಗಳು ಕೂಗೆಬ್ಬಿಸಿದ ಮೇಲೆ ಹಿಂತೆಗೆದುಕೊಂಡಿತು. ಹತ್ತು ವರ್ಷ ಕಳೆದು 2009ರ ಅಕ್ಟೋಬರ್ 26ರಂದು ಅಮೆರಿಕದ ಜಿಯೋಸಿಟೀಸನ್ನು ಮುಚ್ಚಿತು. ಸ್ಟ್ಯಾನ್‌ಫರ್ಡಿನ ಎರಡು ಯಂತ್ರಗಳಲ್ಲಿ ಹುಟ್ಟಿದ ಕಂಪನಿಯೇ ಇತರರನ್ನು ಮನೆ ಬಿಡಿಸಿದ್ದು ವಿಪರ್ಯಾಸ. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಅವಸರದಲ್ಲಿ ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಟ್ಟದ್ದರಿಂದ ಒಂದಿಷ್ಟು ಉಳಿಯಿತು.

ಜಿಯೋಸಿಟೀಸಿನ ಒಕ್ಕಲುಗಳು ಕಳೆದುಕೊಂಡದ್ದು ಜಾಗವನ್ನು ಮಾತ್ರ ಅಲ್ಲ. ಪುಟಗಳ ಪ್ರತಿ ಇಟ್ಟುಕೊಂಡಿದ್ದ ಜಾಣರೂ ಇದ್ದರು. ಅವರನ್ನು ಹುಡುಕಿ ಬರುವವರಿಗೆ ಗೊತ್ತಿದ್ದ ವಿಳಾಸ ಮಾತ್ರ ಅವರದಾಗಿರಲಿಲ್ಲ. ಬಾಗಿಲ ಮೇಲಿನ ಫಲಕ ಮನೆ ಮಾಲೀಕನದು. ಸ್ವಂತ ಹೆಸರು, ಅಂದರೆ ಡೊಮೈನ್, ನೋಂದಾಯಿಸಲು 1995ರ ಸೆಪ್ಟೆಂಬರಿನಿಂದ ಎರಡು ವರ್ಷಕ್ಕೆ 100 ಡಾಲರ್ ತೆರಬೇಕಿತ್ತು. ಹವ್ಯಾಸಿಗಳಿಗೆ ಅದು ದುಬಾರಿ. ಸ್ವಂತ ಹೆಸರಿದ್ದವನು ಇಂದು ಈ ಕಂಪನಿ, ನಾಳೆ ಆ ಕಂಪನಿ, ನಾಡಿದ್ದು ತನ್ನ ಮನೆಯ ಅಟ್ಟ, ಎಲ್ಲಿಗೆ ಬೇಕಾದರೂ ಸಂಸಾರ ಸಾಗಿಸಬಹುದು. ಓದುಗರಿಗೆ ಅದು ತಿಳಿಯುವುದೂ ಇಲ್ಲ. ಸ್ವಂತ ಮನೆಯೋ ಬಾಡಿಗೆಯೋ ಎಂಬ ವಾದದಲ್ಲಿ ಈ ಫಲಕದ ಪ್ರಶ್ನೆ ಎಷ್ಟೋ ಸಲ ಮರೆತೇ ಹೋಗುತ್ತದೆ.

ಹಣ ಕೊಟ್ಟರೆ ಎಲ್ಲ ಕ್ಷೇಮ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಕಟ್ಟಡವೊಂದು ಸುಟ್ಟುಹೋಗಿ ಲಕ್ಷಾಂತರ ವೆಬ್‌ಸೈಟುಗಳು ಸ್ತಬ್ಧವಾದವು. ಕೆಲವು ಗ್ರಾಹಕರ ಮಾಹಿತಿಯ ಮೀಸಲು ಪ್ರತಿಯನ್ನೂ ಅದೇ ಆವರಣದಲ್ಲಿ ಇಡಲಾಗಿದ್ದರಿಂದ ಎರಡೂ ನಾಶವಾದವು.

ಮನೆಯ ಲೆಕ್ಕ ಈಗ ಹೇಗಿದೆ? ನೂರು ವ್ಯಾಟ್ ಎಳೆಯುವ ಹಳೆಯ ಕಂಪ್ಯೂಟರನ್ನು ಇಡೀ ದಿನ ಚಾಲನೆಯಲ್ಲಿಟ್ಟರೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ವಿದ್ಯುತ್. ಆ ದುಡ್ಡಿನಲ್ಲಿ ಸಣ್ಣ ವೆಬ್‌ಸೈಟಿಗೆ ಬಾಡಿಗೆ ಜಾಗವೇ ಸಿಕ್ಕೀತು. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು: ಐದು ವ್ಯಾಟ್ ಎಂದರೂ ತಿಂಗಳಿಗೆ ನಾಲ್ಕು ಯೂನಿಟ್ ಮುಟ್ಟದು. ಗಾಜಿನ ತಂತಿಯ ಸಂಪರ್ಕದಲ್ಲಿ ಹೊರಡುವ ದಾರಿಯೂ ಅನೇಕ ಕಡೆ ಬರುವ ದಾರಿಯಷ್ಟೇ ಅಗಲವಾಗಿದೆ. ಕರೆಂಟ್ ಹೋದಾಗ ಏನೆಂಬ ಪ್ರಶ್ನೆಗೆ ಸಣ್ಣ ಬ್ಯಾಟರಿ ಸಾಕು. ಕಳ್ಳರನ್ನು ಕಾಯುವ, ತಂತ್ರಾಂಶವನ್ನು ಆಗಾಗ ನವೀಕರಿಸುವ ಕೆಲಸ ಮಾತ್ರ ಯಜಮಾನನದೇ, ಅದಕ್ಕೆ ರಜೆಯಿಲ್ಲ.

ಉಳಿದದ್ದು ವಿಳಾಸ. ಹಳೆಯ ಪದ್ಧತಿಯಲ್ಲಿ ಸಾಧ್ಯವಿದ್ದದ್ದು ಸುಮಾರು 430 ಕೋಟಿ ಅಂಕಿ-ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಅಂದಿನಿಂದ ಎಷ್ಟೋ ಕಂಪನಿಗಳು ಹಲವಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿವೆ. ಅಲ್ಲಿಂದ ಹೊರಗೆ ಹೋಗಬಹುದು, ಹೊರಗಿನವರು ನೇರವಾಗಿ ಬಾಗಿಲು ತಟ್ಟುವಂತಿಲ್ಲ. ಇದಕ್ಕೆ ಪರಿಹಾರವಾಗಿ ಬಂದ ಐಪಿವಿ6 ಎಂಬ ಉದ್ದನೆಯ ವಿಳಾಸ ಪದ್ಧತಿಯಲ್ಲಿ ಪ್ರತಿ ಮನೆಯ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಅಂಕಿ ಕೊಟ್ಟು ಮಿಗಿಸಬಹುದು. ಅದರ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಭಾರತವೂ ಒಂದು. ಬಹುಪಾಲು ಅದು ಮೊಬೈಲ್ ಫೋನುಗಳ ಮೂಲಕ, ಮತ್ತು ಅಲ್ಲೂ ಹೆಚ್ಚಾಗಿ ತರಿಸಿಕೊಳ್ಳುವುದಕ್ಕೆ.