ಕಾಫಿ ಪಾತ್ರೆಯಿಂದ ಶಾಖೆಯ ಸರ್ವರ್‌ವರೆಗೆ

ನಮ್ಮ ಮುಂಬಯಿ ಶಾಖೆಯಲ್ಲಿ ಕ್ಯಾಮೆರಾ ಹೆಚ್ಚಿಸಿದಾಗಲೆಲ್ಲ ಸರ್ವರ್ ಏದುಸಿರು ಬಿಡುತ್ತಿತ್ತು. ಸಪ್ಲೈಯರ್‌ದು ಒಂದೇ ಮಂತ್ರ, ಪ್ರೊಸೆಸರ್ ಬದಲಿಸಿ ಸಾರ್ ಅಂತ. ನಾನು ಬಿಕಾಂ ಓದಿದವನು, ಖರ್ಚಿಗೆ ಮೊದಲು ಲೆಕ್ಕ ಬೇಕು. ಈ ಭಾರ ಎಲ್ಲಿಂದ ಬಂತು ಅಂತ ಹಳೆಯದನ್ನು ಕೆದಕಿದೆ.

1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಯ ಎದುರು ಕ್ಯಾಮೆರಾ ಇಟ್ಟರು. ಕಾಫಿ ಉಳಿದಿದೆಯೋ ಇಲ್ಲವೋ ಕೂತಲ್ಲೇ ನೋಡಲು, ಅಷ್ಟೇ! ನಿಮಿಷಕ್ಕೆ ಸುಮಾರು ಮೂರು ಕಪ್ಪು-ಬಿಳುಪು ಚಿತ್ರ. ಹಿಡಿದು ಹಂಚುವ ದುಡಿಮೆಯೆಲ್ಲ ಪಕ್ಕದ ಏಕಾರ್ನ್ ಕಂಪ್ಯೂಟರಿನದು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ನೆಟ್‌ಐ 200 ತಂದು, ಆ ಕಂಪ್ಯೂಟರನ್ನೇ ಕ್ಯಾಮೆರಾದೊಳಗೆ ಕೂರಿಸಿತು.

2003ರಲ್ಲಿ ಬಂದ ಎಚ್.264 ಬಹುಪಾಲು ಬದಲಾದ ಅಂಶವನ್ನಷ್ಟೇ ಕಳಿಸುತ್ತದೆ. ಡಿಸ್ಕಿನ ಜಾಗ ಉಳಿಯಿತು, ಆದರೆ ಬಿಡಿಸಿ ನೋಡುವವನಿಗೆ ದುಡಿಮೆ ಹೆಚ್ಚಾಯಿತು. ಬಂದದ್ದನ್ನು ಹಾಗೇ ಡಿಸ್ಕಿಗೆ ಬರೆಯುವುದು ಪ್ರೊಸೆಸರಿಗೆ ಅಂಥ ಭಾರವಲ್ಲ. ಚಲನೆ ಹುಡುಕಲೆಂದು ಚಿತ್ರಗಳನ್ನು ಬಿಡಿಸುವುದೇ ಭಾರ. ಅದಕ್ಕೆಂದೇ ಇಂಟೆಲ್ 2011ರಲ್ಲಿ ಕ್ವಿಕ್ ಸಿಂಕ್ ಎಂಬ ಭಾಗವನ್ನು ಚಿಪ್‌ನೊಳಗೆ ಇಟ್ಟಿತು. ತಮಾಷೆ ನೋಡಿ, ದುಬಾರಿ ಝಿಯಾನ್ ಸರ್ವರ್ ಚಿಪ್‌ಗಳಲ್ಲಿ ಎಷ್ಟೋ ಬಾರಿ ಅದೇ ಇರುವುದಿಲ್ಲ! ನಮಗೆ ಬಂದ ಕೊಟೇಶನ್ನೂ ಅಂಥದ್ದೇ.

ಕೊನೆಗೆ ಚಲನೆ ಹುಡುಕಲು ಕ್ಯಾಮೆರಾದ ಸಣ್ಣ ಸಬ್‌ಸ್ಟ್ರೀಮ್ ಸಾಕೆಂದು ಹೊಂದಿಸಿದೆವು. ಮುಖ್ಯ ಸ್ಟ್ರೀಮ್ ನೇರ ಡಿಸ್ಕಿಗೆ ಹೋಯಿತು. ಹಳೇ ಪ್ರೊಸೆಸರೇ ತೆಪ್ಪಗೆ ನಡೆಯಿತು. ಕೊಟೇಶನ್ ಫೈಲಿನಲ್ಲೇ ಉಳಿಯಿತು.