ಕಬ್ಬಿಣದ ಚುಕ್ಕಿಗಳು, ಕ್ಲಾರಾಳ ಮನೆ

ಹೀರಿಕೊಳ್ಳುವುದು ಬೇರೆ, ಅಂಟಿಕೊಳ್ಳುವುದು ಬೇರೆ. ನೆಲ ಒರೆಸುವ ಬಟ್ಟೆ ನೀರನ್ನು ಹೀರುತ್ತದೆ. ನೀರು ಅದರ ಎಳೆ ಎಳೆಯೊಳಗೂ ಇಳಿಯುತ್ತದೆ. ಹೊಸ್ತಿಲಿಗೆ ಹಚ್ಚಿದ ಅರಿಸಿನ ಹಾಗಲ್ಲ, ಮೇಲೆ ಮೇಲೆಯೇ ನಿಲ್ಲುತ್ತದೆ. ಅನಿಲಗಳು ಲೋಹದ ಮೈಮೇಲೆ ಹೀಗೆ ಅರಿಸಿನದಂತೆ ಕೂತುಕೊಳ್ಳುವುದಕ್ಕೆ ರಸಾಯನಶಾಸ್ತ್ರದಲ್ಲಿ ಅಧಿಶೋಷಣೆ ಎಂದು ಹೆಸರು. ಬಿ.ಎಸ್‌ಸಿ. ಓದುವಾಗ ಐದು ಅಂಕದ ಪ್ರಶ್ನೆಯಾಗಿ ನನಗೆ ಇದರ ಪರಿಚಯವಾಯಿತು. ಆ ಐದು ಅಂಕದ ಹಿಂದೆ ಒಂದು ಮನೆ, ಒಂದು ತೋಟ, ಒಬ್ಬ ಹೆಂಗಸು ಇದ್ದಾಳೆಂದು ಯಾವ ಗೈಡಿನಲ್ಲೂ ಬರೆದಿರಲಿಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಬೆಳೆಗೆ ಅದು ಬೇಕೇ ಬೇಕು. ಆದರೂ ಸಾರಜನಕದ ಕಡಲಿನಲ್ಲಿ ನಿಂತ ಪೈರು ಸಾರಜನಕವಿಲ್ಲದೆ ಹಳದಿಯಾಗುತ್ತದೆ. ಕಾರಣವಿಷ್ಟೆ: ಗಾಳಿಯಲ್ಲಿ ಈ ಪರಮಾಣುಗಳು ಜೋಡಿ ಜೋಡಿಯಾಗಿರುತ್ತವೆ, ಜೋಡಿಯ ನಡುವೆ ಮೂರು ಬಂಧ. ತಾಳಿಗೆ ಹಾಕುವ ಮೂರು ಗಂಟಿನ ಹಾಗೆ ಎನ್ನಿ. ಅದನ್ನು ಬಿಚ್ಚುವುದು ಪೈರಿನ ಕೈಯಲ್ಲಾಗದು. ಬೇಳೆಕಾಳಿನ ಗಿಡಗಳ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಬಿಚ್ಚಬಲ್ಲವು. ನಮ್ಮ ಹಿರಿಯರು ರಾಗಿಯ ಜೊತೆ ಅವರೆ, ತೊಗರಿಯ ಸಾಲು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಯುರೋಪಿನವರು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಹಡಗುಗಟ್ಟಲೆ ಸಾಲ್ಟ್‌ಪೀಟರ್ ತರಿಸಿ ಹೊಲಕ್ಕೆ ಹಾಕುತ್ತಿದ್ದರು. ಅದು ಮುಗಿದರೆ ಗೋಧಿ ತಿನ್ನುವ ದೇಶಗಳ ಗತಿಯೇನು ಎಂದು ಇಂಗ್ಲೆಂಡಿನ ವಿಲಿಯಂ ಕ್ರುಕ್ಸ್ 1898ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಎಚ್ಚರಿಸಿದ್ದ.

ಆ ಮೂರು ಗಂಟನ್ನು ಬಿಚ್ಚಲು ಹೊರಟವನು ಜರ್ಮನಿಯ ಫ್ರಿಟ್ಸ್ ಹಾಬರ್. ಅವನ ಹೆಂಡತಿ ಕ್ಲಾರಾ ಇಮ್ಮರ್‌ವಾರ್. ಹೆಂಡತಿ ಎಂದು ಪರಿಚಯ ಮಾಡಿಸಿದ್ದಕ್ಕೆ ಆಕೆ ನನ್ನನ್ನು ಕ್ಷಮಿಸಬೇಕು. 1870ರಲ್ಲಿ ಬ್ರೆಸ್ಲೌ ನಗರದ ಹತ್ತಿರ ಹುಟ್ಟಿದ ಕ್ಲಾರಾ 1900ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಳು. ಆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಣ್ಣು ಆಕೆಯೇ. ಪಾದರಸ, ತಾಮ್ರ, ಸೀಸ, ಸತುವು ಮೊದಲಾದ ಲೋಹಗಳ ಲವಣಗಳು ಎಷ್ಟೆಷ್ಟು ಕರಗುತ್ತವೆ ಎಂಬುದು ಆಕೆಯ ವಿಷಯ. ಮರುವರ್ಷ ಮದುವೆ, ಅದರ ಮರುವರ್ಷ ಮಗ ಹರ್ಮನ್. ಗಂಡನ ಕೆಲಸ ಕಾರ್ಲ್ಸ್‌ರೂಹೆಯಲ್ಲಿ. ಮನೆ ತುಂಬ ಅತಿಥಿಗಳು. ಪದವಿ ಪಡೆದ ಆಕೆಗೆ ಸಿಕ್ಕ ವೇದಿಕೆಯೆಂದರೆ ಹೆಂಗಸರಿಗಾಗಿ ಏರ್ಪಡಿಸುತ್ತಿದ್ದ ಉಪನ್ಯಾಸಗಳು. ಅಡುಗೆಮನೆಯಲ್ಲಿ, ಮನೆವಾರ್ತೆಯಲ್ಲಿ ರಸಾಯನಶಾಸ್ತ್ರ ಎಂಬುದು ಅವುಗಳ ವಿಷಯ. ಅದು ಕೀಳು ಕೆಲಸವೆಂದು ನಾನು ಹೇಳುವುದಿಲ್ಲ. ಕೇಳಿದ ಹೆಂಗಸರಿಗೆ ಅದರಿಂದ ಲಾಭವೇ ಆಗಿರಬೇಕು. ಆದರೆ ಆಕೆಗೆ ಅಷ್ಟೇ ಸಾಕಿತ್ತೆ?

1905ರಲ್ಲಿ ಹಾಬರ್ ಅನಿಲಗಳ ರಾಸಾಯನಿಕ ಕ್ರಿಯೆಗಳ ಬಗ್ಗೆ ದೊಡ್ಡ ಪುಸ್ತಕ ತಂದ. ಅದನ್ನು ಕ್ಲಾರಾಗೆ ಅರ್ಪಿಸಿ, ಆಕೆ ಮೌನವಾಗಿ ನೀಡಿದ ಸಹಕಾರಕ್ಕೆ ಕೃತಜ್ಞತೆ ಹೇಳಿದ. ಮೌನವಾಗಿ! ಎಷ್ಟು ಪುಸ್ತಕಗಳ ಮುನ್ನುಡಿಯ ಕೊನೆಯಲ್ಲಿ ನಾವು ಈ ಮಾತನ್ನು ಓದಿಲ್ಲ! ಕ್ಲಾರಾ 1909ರಲ್ಲಿ ತನ್ನ ಹಳೆಯ ಗುರು ರಿಚರ್ಡ್ ಆಬೆಗ್‌ಗೆ ಬರೆದ ಪತ್ರದಲ್ಲಿ ಆ ಮೌನ ಮುರಿಯಿತು. ಎಂಟು ವರ್ಷಗಳಲ್ಲಿ ಫ್ರಿಟ್ಸ್ ಎಷ್ಟು ಗಳಿಸಿದನೋ ಅಷ್ಟನ್ನು, ಅದಕ್ಕಿಂತ ಹೆಚ್ಚನ್ನು, ತಾನು ಕಳೆದುಕೊಂಡೆ ಎಂಬುದು ಅದರ ತಾತ್ಪರ್ಯ.

ಅದೇ 1909ರ ಜುಲೈ 2ರಂದು ಹಾಬರ್ ತನ್ನ ಇಂಗ್ಲಿಷ್ ಸಹಾಯಕ ರಾಬರ್ಟ್ ಲೆ ರೊಸಿನ್ಯೋಲ್ ಕಟ್ಟಿದ ಉಪಕರಣವನ್ನು ಬಿ.ಎ.ಎಸ್.ಎಫ್. ಕಂಪನಿಯವರ ಮುಂದೆ ಓಡಿಸಿ ತೋರಿಸಿದ. ಗಾಳಿಯ ಸಾರಜನಕ, ಜಲಜನಕ ಎರಡನ್ನೂ ಭಾರೀ ಒತ್ತಡದಲ್ಲಿ, ಭಾರೀ ಶಾಖದಲ್ಲಿ ಆಸ್ಮಿಯಮ್ ಎಂಬ ಲೋಹದ ಮೇಲೆ ಹಾಯಿಸಿದಾಗ ಅಮೋನಿಯಾ ತೊಟ್ಟು ತೊಟ್ಟಾಗಿ ಇಳಿಯಿತು. ಗಂಟು ಬಿಚ್ಚಿತ್ತು. ಹೇಗೆ ಬಿಚ್ಚಿತೆಂಬುದು ಮಾತ್ರ ಹಾಬರ್‌ಗೂ ಗೊತ್ತಿರಲಿಲ್ಲ.

ಆಸ್ಮಿಯಮ್ ಚಿನ್ನಕ್ಕಿಂತ ವಿರಳ, ಅದನ್ನು ನಂಬಿ ಗೊಬ್ಬರ ಮಾಡುವಂತಿರಲಿಲ್ಲ. ಕಂಪನಿಯ ಆಲ್ವಿನ್ ಮಿಟಾಷ್ ಸಿಕ್ಕ ಸಿಕ್ಕ ಲೋಹ, ಅದಿರನ್ನೆಲ್ಲ ಸಾವಿರಾರು ಬಾರಿ ಪರೀಕ್ಷೆಗೆ ಹಾಕಿದ. ಸ್ವೀಡನ್ನಿನ ಒಂದು ಕಬ್ಬಿಣದ ಅದಿರು ಬಹಳ ಚೆನ್ನಾಗಿ ಕೆಲಸ ಮಾಡಿತು; ಶುದ್ಧ ಕಬ್ಬಿಣ ಅಷ್ಟು ಮಾಡಲಿಲ್ಲ. ಅದಿರಿನಲ್ಲಿದ್ದ ಕಶ್ಮಲದಲ್ಲೇ ಗುಟ್ಟಿದೆ ಎಂದು ಮಿಟಾಷ್ ಹಿಡಿದ. ಕಬ್ಬಿಣಕ್ಕೆ ಚೂರು ಅಲ್ಯುಮಿನಿಯಂ, ಚೂರು ಪೊಟ್ಯಾಸಿಯಂ ಸಂಯುಕ್ತ ಬೆರೆಸಿದ. ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟ ಹಾಗೆ. ಹದ ಬಂತು, ಕಾರಣ ಗೊತ್ತಿಲ್ಲ.

ದೊಡ್ಡ ಪ್ರಮಾಣಕ್ಕೆ ತಂದವನು ಕಾರ್ಲ್ ಬಾಷ್. ಅವನ ಮೊದಲ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆ ಓಡಿ ಸೀಳಿದವು. ಮೈಮೇಲೆ ಕೂರಬೇಕಾದ ಜಲಜನಕ ಉಕ್ಕಿನ ಒಳಕ್ಕೇ ನುಗ್ಗಿ, ಅದರಲ್ಲಿನ ಇಂಗಾಲವನ್ನು ಕಸಿದು, ಉಕ್ಕನ್ನು ಪೆಡಸು ಮಾಡಿತ್ತು. ಬಾಷ್ ಒಳಗೆ ಮೆದು ಕಬ್ಬಿಣದ ಅಸ್ತರಿ ಕೊಟ್ಟು, ಹೊರಗಿನ ಉಕ್ಕಿಗೆ ಸಣ್ಣ ತೂತುಗಳನ್ನು ಕೊರೆಸಿದ. ನುಸುಳಿದ ಜಲಜನಕ ಆ ತೂತಿನಿಂದ ಹೊರಟುಹೋಗುತ್ತಿತ್ತು. 1913ರಲ್ಲಿ ಓಪೌ ಎಂಬಲ್ಲಿ ಕಾರ್ಖಾನೆ ಆರಂಭವಾಯಿತು.

ಮರುವರ್ಷ ಯುದ್ಧ. ಬ್ರಿಟಿಷ್ ನೌಕಾಪಡೆ ಚಿಲಿಯ ದಾರಿ ಮುಚ್ಚಿತು. ಹೊಲಕ್ಕೆಂದು ಹುಟ್ಟಿದ ಅಮೋನಿಯಾ ನೈಟ್ರಿಕ್ ಆಮ್ಲವಾಗಿ, ಸಿಡಿಮದ್ದಾಗಿ ರಣರಂಗಕ್ಕೆ ಹೋಯಿತು. ಹಾಬರ್ 1911ರಲ್ಲೇ ಬರ್ಲಿನ್ನಿನ ಡಾಲೆಮ್‌ಗೆ ಸಂಸ್ಥೆಯೊಂದರ ನಿರ್ದೇಶಕನಾಗಿ ಬಂದಿದ್ದ, ಪಕ್ಕದಲ್ಲೇ ಮನೆ. ಈಗ ಅವನು ಇನ್ನೂ ಮುಂದಕ್ಕೆ ಹೋದ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಅವನ ಮೇಲ್ವಿಚಾರಣೆಯಲ್ಲಿ ಸುಮಾರು 6000 ಸಿಲಿಂಡರುಗಳಿಂದ ಕ್ಲೋರಿನ್ ಬಿಟ್ಟರು. ಕಂದಕಗಳಲ್ಲಿದ್ದ ಸೈನಿಕರು ಉಸಿರುಗಟ್ಟಿ ಸತ್ತರು. ಮುಂದೆ ಅಂಥ ಅನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳೊಳಗೆ ಇದ್ದಿಲ ಪುಡಿ ಇತ್ತು. ವಿಷ ಅದರ ಮೈಗೆ ಅಂಟಿಕೊಳ್ಳುತ್ತಿತ್ತು, ಅದೂ ಅಧಿಶೋಷಣೆಯೇ.

ಹಾಬರ್ ಮನೆಗೆ ಬಂದ. ಮೇ 2ರ ಬೆಳಗಿನ ಜಾವ ಕ್ಲಾರಾ ಅವನ ಪಿಸ್ತೂಲು ತೆಗೆದುಕೊಂಡು ತೋಟಕ್ಕೆ ಹೋಗಿ ಗುಂಡು ಹಾರಿಸಿಕೊಂಡಳು. ಸಾಯುತ್ತಿದ್ದ ತಾಯಿಯ ಬಳಿಗೆ ಮೊದಲು ಬಂದವನು 12 ವರ್ಷದ ಹರ್ಮನ್. ಮರುದಿನ ಹಾಬರ್ ಪೂರ್ವದ ರಣರಂಗಕ್ಕೆ ಹೊರಟ.

ಆಕೆ ಬರೆದಿಟ್ಟಳೆನ್ನಲಾದ ಪತ್ರಗಳು ಉಳಿದಿಲ್ಲ. ವಿಷಾನಿಲವನ್ನು ವಿರೋಧಿಸಿ ಪ್ರಾಣ ಕೊಟ್ಟ ಹುತಾತ್ಮಳೆಂದು ಕೆಲವರು, ಮನೆಯ ದುಃಖಕ್ಕೆ ಸೋತವಳೆಂದು ಕೆಲವರು ಬರೆದಿದ್ದಾರೆ. ಈ ಎರಡನ್ನೂ ಬೇರೆ ಮಾಡುವ ಅಗತ್ಯವೇ ನನಗೆ ಕಾಣುವುದಿಲ್ಲ. ಲೋಹ, ಅನಿಲಗಳ ಗುಣ ಬಲ್ಲ ಹೆಂಗಸಿಗೆ ಆ ಸಿಲಿಂಡರುಗಳಲ್ಲಿ ಏನಿತ್ತು, ಉಸಿರಾಡಿದವರಿಗೆ ಏನಾಯಿತು ಎಂದು ಬೇರೆಯವರು ಹೇಳಬೇಕಿರಲಿಲ್ಲ. ಅದೇ ಗಂಡ, ಅದೇ ಮನೆ, ಅದೇ ಯುದ್ಧ. 1918ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅಮೋನಿಯಾಕ್ಕಾಗಿ ಹಾಬರ್‌ಗೆ ಬಂತು, ಹಲವರು ಪ್ರತಿಭಟಿಸಿದರು.

ಕಬ್ಬಿಣ ಗಂಟನ್ನು ಹೇಗೆ ಬಿಚ್ಚುತ್ತದೆ? ಇದನ್ನು ಹಂತ ಹಂತವಾಗಿ ಬಿಡಿಸಿಟ್ಟವನು ಗೆರ್ಹಾರ್ಡ್ ಎರ್ಟಲ್, ಅದೂ 1970ರ ದಶಕದಿಂದೀಚೆಗೆ. ತಡವಾದದ್ದಕ್ಕೆ ಕಾರಣವಿತ್ತು. ಲೋಹವನ್ನು ಎಷ್ಟೇ ತಿಕ್ಕಿ ತೊಳೆಯಿರಿ, ಗಾಳಿಗಿಟ್ಟ ಕ್ಷಣದಲ್ಲೇ ಅದರ ಮೈಮೇಲೆ ಅನಿಲದ ಪದರ ಕೂತಾಯಿತು. ಬರೀ ಮೈಯ ಲೋಹವನ್ನು ನೋಡಬೇಕಾದರೆ ಹೆಚ್ಚುಕಡಿಮೆ ಏನೂ ಇಲ್ಲದಷ್ಟು ನಿರ್ವಾತ ಬೇಕು; ಅಂಥ ಪಂಪುಗಳು ಬರುವವರೆಗೆ ಕಾಯಬೇಕಾಯಿತು.

ಎರ್ಟಲ್ ಕಂಡದ್ದನ್ನು ರಂಗೋಲಿ ಹಾಕುವವರಿಗೆ ಹೇಳುವುದು ಸುಲಭ. ಕಬ್ಬಿಣದ ಹರಳನ್ನು ಒಂದು ಕೋನದಲ್ಲಿ ಕತ್ತರಿಸಿದರೆ ಮೇಲಿನ ಪರಮಾಣುಗಳು ನೇರ ಚುಕ್ಕಿ ಇಟ್ಟಂತೆ ಚೌಕ ಚೌಕವಾಗಿರುತ್ತವೆ. ಇನ್ನೊಂದು ಕೋನದಲ್ಲಿ ಒತ್ತೊತ್ತಾದ ಸಂದು ಚುಕ್ಕಿ. ಮತ್ತೊಂದರಲ್ಲಿ ಚುಕ್ಕಿಗಳು ದೂರ ದೂರ. ನಡುವಿನ ಸಂದಿನಿಂದ ಕೆಳಗಿನ ಪದರದ ಚುಕ್ಕಿಗಳೂ ಇಣುಕುತ್ತವೆ. ಕಬ್ಬಿಣ ಒಂದೇ, ಮುಖ ಬೇರೆ. ಸಾರಜನಕಕ್ಕೆ ಹಿಡಿಸುವುದು ಆ ದೂರ ಚುಕ್ಕಿಯ ಮುಖ. ಒತ್ತೊತ್ತಾದ ಮುಖಕ್ಕಿಂತ ಅದರ ಮೇಲೆ ಅಮೋನಿಯಾ ನೂರಾರು ಪಟ್ಟು ವೇಗವಾಗಿ ಹುಟ್ಟುತ್ತದೆಂದು ಅಮೆರಿಕದಲ್ಲಿ ಗಬೋರ್ ಸೊಮೊರ್ಜೈ ಬಳಗ 1980ರ ದಶಕದಲ್ಲಿ ಅಳೆದು ತೋರಿಸಿತು. ಹಾಗಿದ್ದೂ ಬಂದು ಬಡಿಯುವ ಹತ್ತು ಲಕ್ಷ ಅಣುಗಳಲ್ಲಿ ಎಲ್ಲೋ ಒಂದು ಒಡೆದು ಅಂಟಿಕೊಳ್ಳುತ್ತದೆ. ಉಳಿದವು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತವೆ. ಒಂಟಿಯಾದ ಸಾರಜನಕಕ್ಕೆ ಜಲಜನಕದ ಪರಮಾಣುಗಳು ಒಂದಾದ ಮೇಲೊಂದು ಸೇರುತ್ತವೆ. ಮೂರನೆಯದು ಸೇರಿದಾಗ ಅದು ಅಮೋನಿಯಾ ಆಗಿ ಕಬ್ಬಿಣವನ್ನು ಬಿಟ್ಟು ಹಾರುತ್ತದೆ. ಮಿಟಾಷ್ ಬೆರೆಸಿದ ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನನ್ನು ಕೊಟ್ಟು ಸಾರಜನಕ ಒಡೆಯುವುದನ್ನು ಸುಲಭ ಮಾಡುತ್ತಿತ್ತು. ಇಂಗಿನ ಗುಟ್ಟು ತಿಳಿಯಲು ಸುಮಾರು 70 ವರ್ಷ ಬೇಕಾಯಿತು.

ಅಷ್ಟು ವರ್ಷವೂ ಕಾರ್ಖಾನೆಗಳೇನು ಕಾಯುತ್ತ ಕೂರಲಿಲ್ಲ. ನಮ್ಮ ಮೈಸೂರಿನ ಹತ್ತಿರ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಅಮೋನಿಯಾ ಮಾಡುತ್ತಿದ್ದರು. 1970ರ ದಶಕದಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆ ಬಂತು. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ಊಟ ಈ ಗೊಬ್ಬರದ ಮೇಲೆ ನಿಂತಿದೆಯೆಂದು ತಿಳಿದವರು ಲೆಕ್ಕ ಹಾಕಿದ್ದಾರೆ.

ಎರ್ಟಲ್‌ಗೆ 2007ರಲ್ಲಿ ನೊಬೆಲ್ ಬಂತು. ಸುದ್ದಿ ಬಂದ ಅಕ್ಟೋಬರ್ 10 ಅವನ 71ನೆಯ ಹುಟ್ಟುಹಬ್ಬ. 1986ರಿಂದ 2004ರವರೆಗೆ ಅವನು ನಿರ್ದೇಶಕನಾಗಿದ್ದುದು ಡಾಲೆಮ್‌ನ ಅದೇ ಸಂಸ್ಥೆಯಲ್ಲಿ. ಈಗ ಅದಕ್ಕೆ ಹಾಬರ್‌ನ ಹೆಸರಿದೆ. ಕ್ಲಾರಾಳ ತೋಟ ಅಲ್ಲಿಂದ ಕೂಗಳತೆಯ ದೂರ.

ಆದರೆ ಕ್ಲಾರಾ ಅಲ್ಲಿಲ್ಲ. ಯಹೂದಿ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆಯಬೇಕೆಂದು 1933ರಲ್ಲಿ ಹಿಟ್ಲರ್ ಸರ್ಕಾರ ಹೇಳಿದಾಗ, ತಾನೂ ಯಹೂದಿ ಮೂಲದವನಾದ ಹಾಬರ್ ರಾಜೀನಾಮೆ ಕೊಟ್ಟು ದೇಶ ಬಿಟ್ಟ. 1934ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡ. ನಡುವೆ ಇನ್ನೊಂದು ಮದುವೆಯಾಗಿ ವಿಚ್ಛೇದನವೂ ಆಗಿತ್ತು. ಮೊದಲ ಹೆಂಡತಿಯ ಪಕ್ಕದಲ್ಲಿ ತನ್ನನ್ನಿಡಬೇಕು ಎಂಬುದು ಅವನ ಕೊನೆಯ ಆಸೆ. ಹರ್ಮನ್ ತಾಯಿಯ ಅವಶೇಷವನ್ನು ಡಾಲೆಮ್‌ನಿಂದ ಬಾಸೆಲ್‌ಗೆ ತರಿಸಿದ. ಹೋರ್ನ್ಲಿ ಎಂಬ ಸ್ಮಶಾನದಲ್ಲಿ ಇಬ್ಬರ ಹೆಸರೂ ಈಗ ಒಂದೇ ಕಲ್ಲಿನ ಮೇಲಿದೆ. ಈ ಬಾರಿಯೂ ಕ್ಲಾರಾಳನ್ನು ಯಾರೂ ಕೇಳಿರಲಿಲ್ಲ.