ಲೇಪದಿಂದ ಕಾರಣದತ್ತ: ನಾಯಿಯ ಚರ್ಮರೋಗ ಮತ್ತು ಮಾಕಳಿ

ಕರ್ನಾಟಕದಲ್ಲಿ ಪಶುವೈದ್ಯಕ್ಕೆ ದೀರ್ಘವಾದ ಲಿಖಿತ ಪರಂಪರೆಯಿದ್ದರೂ ಅದು ಬಹುಮಟ್ಟಿಗೆ ಉಳುಮೆ, ಹೈನು ಮತ್ತು ಯುದ್ಧಕ್ಕೆ ಬೇಕಾದ ಪ್ರಾಣಿಗಳ ಸುತ್ತ ಬೆಳೆಯಿತು. ಕಲ್ಯಾಣ ಚಾಲುಕ್ಯ ವಂಶದ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನೂ, ಮುಂದೆ ಅಭಿನವಚಂದ್ರನು ಕುದುರೆಗಳನ್ನು ಕುರಿತು ‘ಅಶ್ವವೈದ್ಯ’ವನ್ನೂ ಕನ್ನಡದಲ್ಲಿ ರಚಿಸಿದರು. ನಾಯಿಗೂ ಮನ್ನಣೆಯಿತ್ತು: ಗಂಗ ದೊರೆ ಇಮ್ಮಡಿ ಬೂತುಗನಿಂದ ಅವನ ಯೋಧ ಮಣಲೇರನು ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತುದನ್ನು ಹತ್ತನೆಯ ಶತಮಾನದ ಆತಕೂರು ಶಾಸನ ದಾಖಲಿಸಿದೆ, ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆಂದೇ ಒಂದು ಭಾಗವಿದೆ. ಆದರೆ ಆ ಮನ್ನಣೆ ಸಂದದ್ದು ಬೇಟೆನಾಯಿಯ ಶೌರ್ಯಕ್ಕೆ. ಬೀದಿಯ ನಾಯಿಯ ಕಜ್ಜಿ ಹಿತ್ತಲ ಮದ್ದಿನ ಪಾಲಿಗೆ ಬಂದಿತು.

ಆ ಮದ್ದು ಮುಖ್ಯವಾಗಿ ಲೇಪ, ಅಂದರೆ ಚರ್ಮದ ಮೇಲೆ ಹಚ್ಚುವ ಔಷಧ. ಬೇವಿನೆಣ್ಣೆ, ಹೊಂಗೆಯೆಣ್ಣೆ ಮತ್ತು ಎಣ್ಣೆಯಲ್ಲಿ ಕಲಸಿದ ಗಂಧಕ ಅದರ ಮುಖ್ಯ ದ್ರವ್ಯಗಳಾಗಿದ್ದು, ಗಂಧಕಕ್ಕೆ ಚರ್ಮದ ನುಸಿಯನ್ನು ಕೊಲ್ಲುವ ಗುಣ ನಿಜಕ್ಕೂ ಇದೆ. ಯಂತ್ರಗಳು ಬಂದ ಮೇಲೆ ವಾಹನಗಳಿಂದ ತೆಗೆದ ಹಳೆಯ ಕಪ್ಪು ಆಯಿಲ್ಲನ್ನು ಕಜ್ಜಿನಾಯಿಗೆ ಬಳಿಯುವ ರೂಢಿಯೂ ಸೇರಿಕೊಂಡಿತು. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವುದರಿಂದ ಅದರಲ್ಲಿನ ವಿಷ ಹೊಟ್ಟೆಗೂ ಸೇರುತ್ತದೆಂಬುದು ಆ ರೂಢಿಯ ದೊಡ್ಡ ಅಪಾಯವಾಗಿತ್ತು. ಇವೆಲ್ಲವೂ ತುರಿಕೆಯನ್ನು ಒಂದೇ ರೋಗವೆಂದು ಭಾವಿಸಿದವು, ಆದ್ದರಿಂದ ಕೆಲವು ವಾರ ಇಳಿದ ಕಜ್ಜಿ ಮತ್ತೆ ಮರಳಿದಾಗ ಅದೇ ಲೇಪವನ್ನು ಇನ್ನಷ್ಟು ದಪ್ಪವಾಗಿ ಹಚ್ಚುವುದರ ಹೊರತು ಬೇರೆ ದಾರಿ ತೋರಲಿಲ್ಲ.

ಮರಳುವಿಕೆಗೆ ಉತ್ತರ ದೊರೆತದ್ದು ಸೂಕ್ಷ್ಮದರ್ಶಕದಿಂದ. 1687ರಲ್ಲಿ ಇಟಲಿಯ ಬೊನೊಮೊ ಮತ್ತು ಚೆಸ್ತೋನಿ ಮನುಷ್ಯರ ಕಜ್ಜಿಗೆ ಸೂಕ್ಷ್ಮ ನುಸಿಯೇ ಕಾರಣವೆಂದು ವಿವರಿಸಿದರು. ಚರ್ಮವನ್ನು ಕೊರೆದು ಮೊಟ್ಟೆಯಿಡುವ ಈ ಸಾರ್ಕಾಪ್ಟಿಸ್ ನುಸಿಯ ಒಂದು ಬಗೆ ನಾಯಿಗಳಲ್ಲಿದ್ದು, ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹರಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಲಾದ ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಆರೋಗ್ಯವಂತ ನಾಯಿಯ ಕೂದಲ ಬುಡದಲ್ಲಿಯೂ ವಾಸಿಸುತ್ತಿದ್ದು, ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಮಾತ್ರ ಮಿತಿಮೀರಿ ಬೆಳೆಯುತ್ತದೆ. ಚಿಗಟದ ಮೊಟ್ಟೆಗಳು ಹಾಸಿಗೆಯಲ್ಲಿಯೂ ಉಣ್ಣೆಯ ಮೊಟ್ಟೆಗಳು ಗೋಡೆಯ ಬಿರುಕಿನಲ್ಲಿಯೂ ಉಳಿಯುವುದರಿಂದ ನಾಯಿಯ ಮೈಗಷ್ಟೇ ಮಾಡಿದ ಚಿಕಿತ್ಸೆ ಅರ್ಧ ಚಿಕಿತ್ಸೆಯಾಗುತ್ತದೆ. ಧೂಳು, ಪರಾಗ, ಆಹಾರ ಇತ್ಯಾದಿ ಒಗ್ಗದ ವಸ್ತುಗಳಿಂದ ಉಂಟಾಗುವ ಅಲರ್ಜಿಯಲ್ಲಂತೂ ಹುಳುವೇ ಕಾರಣವಾಗಿರಬೇಕೆಂದಿಲ್ಲ.

ಈ ಅರಿವು ಇಲ್ಲಿನ ನಾಯಿಗಳವರೆಗೆ ಬರಲು ಕಾಲ ಹಿಡಿಯಿತು. 1925ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಸೀರಮ್ ಸಂಸ್ಥೆಯ ಮೊದಲ ಕಾಳಜಿ ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗವಾಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ನಗರ ಬೆಳೆದು ಮನೆನಾಯಿಗಳು ಹೆಚ್ಚಿದಂತೆ ಅವುಗಳ ಚಿಕಿತ್ಸೆಯೂ ಪಶುವೈದ್ಯರ ನಿತ್ಯದ ಕೆಲಸವಾಯಿತು.

ಪೀಣ್ಯವನ್ನು ದಾಟಿ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆಗೆ ಸಾಗಿದಾಗ ಸಿಗುವ ಮಾಕಳಿ ಈ ಇತಿಹಾಸದೊಳಗೆ ಬರುವುದು ಔಷಧೋದ್ಯಮದ ಮೂಲಕ. ಮೊಹಮ್ಮದ್ ಮನಾಲ್ 1930ರಲ್ಲಿ ಸ್ಥಾಪಿಸಿದ ಹಿಮಾಲಯ ಸಂಸ್ಥೆ, ಸರ್ಪಗಂಧದಿಂದ ತಯಾರಿಸಿದ ‘ಸರ್ಪಿನಾ’ ಎಂಬ ರಕ್ತದೊತ್ತಡದ ಔಷಧವನ್ನು 1934ರಲ್ಲಿ ಹೊರತಂದು, 1975ರಲ್ಲಿ ಬೆಂಗಳೂರಿನ ಅಂಚಿನ ಈ ಊರಿನಲ್ಲಿ ಕಾರ್ಖಾನೆ ತೆರೆಯಿತು. ಮುಂದೆ ಅದು ಪ್ರಾಣಿಗಳಿಗೂ ಔಷಧ ತಯಾರಿಸತೊಡಗಿದಾಗ ಉಣ್ಣೆ, ಚಿಗಟಗಳ ವಿರುದ್ಧದ ‘ಎರಿನಾ’ ಶ್ಯಾಂಪೂವಿನಲ್ಲಿ ಬೇವು ಸೇರಿತು. ಹಿತ್ತಲಿನ ದ್ರವ್ಯ ಹೀಗೆ ಬಳಕೆಯ ಸೂಚನೆಯೊಂದಿಗೆ ಸೀಸೆಯನ್ನು ಸೇರಿದರೂ ಲೇಪಕ್ಕಿರುವ ಮಿತಿ ಅದಕ್ಕೂ ಇತ್ತು: ಮೈಯ ಮೇಲಿನ ಹುಳುವನ್ನು ಅದು ತಾಕಬಲ್ಲದು, ಒಳಗಿನ ಕಾರಣವನ್ನಲ್ಲ.

1981ರಲ್ಲಿ ಪ್ರಾಣಿಗಳ ಬಳಕೆಗೆ ಬಂದ ಐವರ್‌ಮೆಕ್ಟಿನ್ ಎಂಬ ಔಷಧ ರಕ್ತದ ಮೂಲಕವೇ ನುಸಿಯನ್ನು ತಲುಪಿತು. ಸತೋಷಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅದರ ಶೋಧಕ್ಕಾಗಿ 2015ರಲ್ಲಿ ನೊಬೆಲ್ ಪಡೆದರು. ಕೊಲಿ ತಳಿಯ ಅನೇಕ ನಾಯಿಗಳಿಗೆ ಅದರ ಹೆಚ್ಚಿನ ಪ್ರಮಾಣ ಮಿದುಳಿಗೆ ವಿಷವಾಗುವುದಕ್ಕೆ ಒಂದು ಜೀನ್‌ನ ದೋಷ ಕಾರಣವೆಂದು 2001ರಲ್ಲಿ ತಿಳಿದುಬಂದಾಗ, ರೋಗದಷ್ಟೇ ರೋಗಿಯನ್ನೂ ತಿಳಿದು ಮದ್ದು ಕೊಡಬೇಕೆಂಬ ವೈದ್ಯದ ಹಳೆಯ ನಿಯಮಕ್ಕೆ ಹೊಸ ಆಧಾರ ದೊರೆಯಿತು. ಆದ್ದರಿಂದ ಇಂದಿನ ಪಶುವೈದ್ಯರು ಮರುಕಳಿಸುವ ತುರಿಕೆಯಲ್ಲಿ ಮೊದಲು ಚರ್ಮವನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ ಪರೀಕ್ಷಿಸುತ್ತಾರೆ, ಅನಂತರ ಚಿಗಟ, ಬೂಷ್ಟು, ಆಹಾರಗಳನ್ನು ಒಂದೊಂದಾಗಿ ವಿಚಾರಿಸುತ್ತಾರೆ. ಅಲರ್ಜಿಯೆಂದು ತೀರ್ಮಾನವಾದರೆ ಪೂರ್ಣ ಗುಣದ ಭರವಸೆಗೆ ಬದಲಾಗಿ ಜೀವನಪರ್ಯಂತದ ನಿರ್ವಹಣೆಯನ್ನು ಸೂಚಿಸುತ್ತಾರೆ. ಹಿಂದೆ ಲೇಪದ ಸೋಲೆಂದು ಎಣಿಸಲಾಗುತ್ತಿದ್ದ ಮರಳುವಿಕೆಯೇ ಹೀಗೆ ಇಂದು ರೋಗನಿದಾನದ ಮೊದಲ ಸುಳಿವಾಗಿದೆ.